ಮೂರು ಪೊಟ್ಟಣ ಬೀಜ: ಮೂರು ವರ್ಷದ ನಂತರ ಬರೆದ ವಿಮರ್ಶೆ

ಗೆಡ್ಡೆಯಿಂದ ಬೆಳೆಯುವ ಹೂಗಿಡಗಳ ಬೀಜವನ್ನು ಕೊಂಡ ವಾರದಲ್ಲೇ ಅದರ ಗುಣದೋಷಗಳನ್ನು ಬರೆಯುವುದು ಸರಿಯಲ್ಲ. ಬಿತ್ತಿದ್ದು ಹೂ ಬಿಡುವವರೆಗೆ ಕಾಯಬೇಕು. ಅಂಚೆಯಲ್ಲಿ ಬೀಜ ಕಳುಹಿಸುವ ಒಬ್ಬ ಸಣ್ಣ ವ್ಯಾಪಾರಿಯಿಂದ ನಾನು ತರಿಸಿಕೊಂಡ ಹಿಪ್ಪಿಯಾಸ್ಟ್ರಮ್, ಬೇಬಿಯಾನ ಮತ್ತು ನೆರೈನ್ ಪೊಟ್ಟಣಗಳ ವಿಮರ್ಶೆ ಮೂರು ವರ್ಷ ತಡವಾದದ್ದು ಆ ಕಾರಣಕ್ಕೆ.

ಹಿಪ್ಪಿಯಾಸ್ಟ್ರಮ್ ಪೊಟ್ಟಣವೇ ಇವುಗಳಲ್ಲಿ ಶ್ರೇಷ್ಠ. ದಕ್ಷಿಣ ಅಮೆರಿಕದ ಈ ಗಿಡವನ್ನು ಬಹುತೇಕ ಎಲ್ಲರೂ ಅಮರಿಲ್ಲಿಸ್ ಎಂದೇ ಮಾರುತ್ತಾರೆ. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕದ ಬೇರೆಯೇ ಗಿಡ. ಈ ವ್ಯಾಪಾರಿ ಸರಿಯಾದ ಹೆಸರನ್ನು ಬರೆದುದಲ್ಲದೆ ಬೀಜ ಕೊಯ್ದ ತಿಂಗಳನ್ನೂ ಅಚ್ಚು ಹಾಕಿಸಿದ್ದರು. ಹಳತಾದಷ್ಟೂ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುವ ಬೀಜವಾದ್ದರಿಂದ, ಪೊಟ್ಟಣದ ಮೇಲಿನ ಬಣ್ಣದ ಚಿತ್ರಕ್ಕಿಂತ ಆ ಒಂದು ಸಾಲೇ ಹೆಚ್ಚು ಬೆಲೆಯುಳ್ಳದ್ದು. ಬೀಜವು ಸುಟ್ಟ ಕಾಗದದ ಚೂರಿನಂತೆ ಕಪ್ಪಾಗಿ, ತೆಳ್ಳಗೆ, ಚಪ್ಪಟೆಯಾಗಿರುತ್ತದೆ. ಬೆಳಕಿಗೆ ಹಿಡಿದರೆ ಜೀವವಿರುವ ಬೀಜದ ನಡುವೆ ಸಣ್ಣದೊಂದು ಉಬ್ಬು ಕಾಣುತ್ತದೆ; ಜೊಳ್ಳಿನಲ್ಲಿ ಅದು ಇರುವುದಿಲ್ಲ. ಇಪ್ಪತ್ತೈದರಲ್ಲಿ ಮೂರು ಮಾತ್ರ ಜೊಳ್ಳಾಗಿದ್ದವು. ಉಳಿದವನ್ನು ಬಟ್ಟಲಿನ ನೀರಿನ ಮೇಲೆ ತೇಲಿಬಿಟ್ಟೆ. ಎರಡು ವಾರದೊಳಗೆ ಹದಿನೆಂಟು ಬೀಜಗಳಿಂದ ಬಿಳಿಯ ಬೇರು ಇಳಿದಿತ್ತು. ಈರುಳ್ಳಿ ಸಸಿಯಂಥ ಆ ಎಳೆಗಳನ್ನು ಮರಳು ಬೆರೆಸಿದ ಮಣ್ಣಿಗೆ ವರ್ಗಾಯಿಸಿ, ಜೊತೆಗೆ ಬಂದಿದ್ದ ಸೂಚನಾಪತ್ರ ಹೇಳಿದಂತೆ, ಮೊದಲೆರಡು ವರ್ಷ ಅವುಗಳಿಗೆ ಒಣ ವಿಶ್ರಾಂತಿ ಕೊಡದೆ ಬೆಳೆಸುತ್ತಲೇ ಹೋದೆ.

ಬೇಬಿಯಾನವನ್ನು ತರಿಸಿದ್ದು ಹಕ್ಕಿಗಳ ಮೇಲಿನ ಪ್ರೀತಿಯಿಂದ. ದಕ್ಷಿಣ ಆಫ್ರಿಕದ ಬೇಬಿಯಾನ ರಿಂಜೆನ್ಸ್ ಎಂಬ ಪ್ರಭೇದ ತನ್ನ ಕೆಂಪು ಹೂಗಳನ್ನು ನೆಲಮಟ್ಟದಲ್ಲಿ ಬಿಟ್ಟು, ಅವುಗಳ ಮೇಲೆ ಹೂವೇ ಇಲ್ಲದ ಕಡ್ಡಿಯೊಂದನ್ನು ನೆಟ್ಟಗೆ ಎತ್ತಿ ನಿಲ್ಲಿಸುತ್ತದೆ. ಅಲ್ಲಿಯ ಮ್ಯಾಲಕೈಟ್ ಸೂರಕ್ಕಿ ಆ ಕಡ್ಡಿಯನ್ನು ಹಿಡಿದು ತಲೆಕೆಳಗಾಗಿ ಬಾಗಿ ಮಕರಂದ ಹೀರುತ್ತದೆ. ಸಂಶೋಧಕರು ಕಡ್ಡಿಯನ್ನು ಕತ್ತರಿಸಿ ನೋಡಿದಾಗ ಅಂಥ ಗಿಡಗಳು ಕಡಿಮೆ ಬೀಜ ಕಟ್ಟಿದವು. ಹಕ್ಕಿ ಕೂರಲೆಂದೇ ಗಿಡವೊಂದು ಆಸನ ಬೆಳೆಸಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಬೀಜಗಳು ತಂಪಾದ ದಿನಗಳಲ್ಲಿ ಚೆನ್ನಾಗಿಯೇ ಮೊಳೆತವು, ಆದರೆ ಗಿಡಗಳು ಇನ್ನೂ ಹೂ ಬಿಟ್ಟಿಲ್ಲ. ಸೂಚನಾಪತ್ರದಲ್ಲಿ ಒಂದು ಎಚ್ಚರಿಕೆ ಇರಬೇಕಿತ್ತು: ಬಿತ್ತಿದ ತಟ್ಟೆಯ ಮೇಲೆ ಹರಡಿದ ಒಣ ಮರಳು ಗುಬ್ಬಚ್ಚಿಗಳಿಗೆ ಧೂಳಿನ ಸ್ನಾನಕ್ಕೆ ಆಹ್ವಾನವಿದ್ದಂತೆ. ಒಂದು ಬೆಳಿಗ್ಗೆ ನಾಲ್ಕು ಗುಬ್ಬಚ್ಚಿಗಳು ಅದರಲ್ಲಿ ಹೊಟ್ಟೆಯೂರಿ, ರೆಕ್ಕೆ ಬಡಿದು, ತಮ್ಮ ಮೈಯಳತೆಯ ಗುಳಿಗಳನ್ನು ಮಾಡಿ ಕೂತಿದ್ದವು. ಕಾಲು ಭಾಗದಷ್ಟು ಬೀಜ ನೆಲದ ಪಾಲಾಗಿತ್ತು. ಅವುಗಳಿಗೆಂದು ಬೇರೊಂದು ತಟ್ಟೆಯಲ್ಲಿ ಮರಳಿಟ್ಟು, ಬಿತ್ತಿದ ತಟ್ಟೆಗೆ ಬಲೆ ಹೊದಿಸಿದ ಮೇಲೆ ಎರಡೂ ಕಡೆಯವರಿಗೆ ನೆಮ್ಮದಿಯಾಯಿತು.

ನೆರೈನ್ ವಿಷಯದಲ್ಲಿ ಮಾತ್ರ ನನ್ನ ಅಸಮಾಧಾನ ಇನ್ನೂ ಉಳಿದಿದೆ. ಅದರ ಬೀಜ ತಿರುಳಿನಿಂದ ತುಂಬಿದ ಹಸಿ ಗುಂಡು. ಒಣಗಿಸಿಡುವಂಥದ್ದಲ್ಲ, ಗಿಡದಿಂದ ಬಿಡಿಸಿದ ಕೂಡಲೇ ಬಿತ್ತಬೇಕಾದದ್ದು. ಅದನ್ನು ಸಾಮಾನ್ಯ ಕಾಗದದ ಪೊಟ್ಟಣದಲ್ಲಿ, ಕೊಯ್ದ ತಿಂಗಳನ್ನೂ ನಮೂದಿಸದೆ ಕಳುಹಿಸಿದ್ದರು. ನನ್ನ ಕೈಗೆ ಬಂದದ್ದು ಸುಕ್ಕುಗಟ್ಟಿದ ಹತ್ತು ಕಾಳುಗಳು, ಒಂದೂ ಮೊಳೆಯಲಿಲ್ಲ. ಬರೆದು ತಿಳಿಸಿದಾಗ ಅವರು ಸೌಜನ್ಯದಿಂದಲೇ ಹಣ ಹಿಂದಿರುಗಿಸಿದರು. ಆದರೆ ಬೀಜದ ಸ್ವಭಾವವನ್ನು ಬಲ್ಲವರು ಅದನ್ನು ಹಾಗೆ ಮಾರಲೇಬಾರದಿತ್ತು.

ಈ ವರ್ಷ ಹಿಪ್ಪಿಯಾಸ್ಟ್ರಮ್‌ನ ಐದು ಗೆಡ್ಡೆಗಳು ಹೂ ಬಿಟ್ಟವು. ಮಿಶ್ರತಳಿಯ ಬೀಜವಾದ್ದರಿಂದ ಚಿತ್ರದಲ್ಲಿದ್ದ ಅಚ್ಚಗೆಂಪು ಒಂದರಲ್ಲೂ ಬರಲಿಲ್ಲ. ನಸುಗುಲಾಬಿ, ಇಟ್ಟಿಗೆಗೆಂಪು, ಬಿಳಿಯ ಗೀರುಳ್ಳ ಕೆಂಪು, ಹೀಗೆ ಒಂದರಂತೆ ಒಂದಿಲ್ಲ. ಇದನ್ನು ದೋಷವೆಂದು ಎಣಿಸುವವರು ಬೆಳೆದ ಗೆಡ್ಡೆಯನ್ನೇ ಕೊಳ್ಳುವುದು ಒಳಿತು. ನನಗಂತೂ ಬೀಜದಿಂದ ಬೆಳೆಸುವುದರ ಸುಖ ಇರುವುದೇ ಇಲ್ಲಿ. ಮೂರನೆಯ ದಿನ ಹೆಣ್ಣು ಸೂರಕ್ಕಿಯೊಂದು ಹೂದಂಡಿನ ಮೇಲೆ ಬಂದು ಕುಳಿತಿತು. ಟೊಳ್ಳು ದಂಡು ಅದರ ಹಗುರವಾದ ಭಾರಕ್ಕೂ ತುಸು ತೂಗಿತು. ಅದು ಹೂವಿನೊಳಗೆ ಕೊಕ್ಕನ್ನಿಳಿಸಿ ಹೊರಬಂದಾಗ ಹಣೆಯ ಮೇಲೆ ಹಳದಿ ಪರಾಗ ಅಂಟಿತ್ತು. ಆ ದಂಡಿನಲ್ಲಿ ಈಗ ಕಾಯೊಂದು ಊದಿಕೊಳ್ಳುತ್ತಿದೆ. ಅದು ಬಿರಿದು ಬೀಜ ಗಾಳಿಗೆ ಹಾರುವ ಮುನ್ನ ತೆಳುಬಟ್ಟೆಯ ಚೀಲ ಕಟ್ಟಬೇಕು. ಹಾಗಾಗಿ ಅದೇ ವ್ಯಾಪಾರಿಗೆ ಈ ಸಲ ಕಳುಹಿಸುವ ಬೇಡಿಕೆಯಲ್ಲಿ ಬೇಬಿಯಾನ ಮಾತ್ರ ಇರುತ್ತದೆ.