ಬೋರ್ ನೀರಿನ ಕಲೆಗೆ ಹೊಸೂರಿನಲ್ಲಿ ಹಾಕಿಸಿಕೊಂಡ ಪಿಂಗಾಣಿ ವೆನೀರ್

ಮೇಲಿನ ಸಾಲಿನ ಆರು ಮುಂದಿನ ಹಲ್ಲುಗಳಿಗೆ ಪಿಂಗಾಣಿ ವೆನೀರ್ ಹಾಕಿಸಿಕೊಂಡು ಒಂದು ವರ್ಷ ದಾಟಿತು. ವೆನೀರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳುವಾದ ಹೊದಿಕೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ, ನನಗೆ ತುಂಬಾ ಖುಷಿಯಿದೆ. ಆದರೆ ಆ ಖುಷಿಗೆ ಪಿಂಗಾಣಿ ಎಷ್ಟು ಕಾರಣವೋ, ಹಲ್ಲಿಗೆ ಮಿಷನ್ ಮುಟ್ಟಿಸುವ ಮೊದಲು ಡಾಕ್ಟರಮ್ಮ ಪಟ್ಟ ಶ್ರಮ ಅದಕ್ಕಿಂತ ಜಾಸ್ತಿ ಕಾರಣ. ವೆನೀರ್ ಹಾಕಿಸಬೇಕು ಅಂತಿರುವವರು ಆ ಭಾಗವನ್ನು ಗಮನವಿಟ್ಟು ಓದಿ.

ನಮ್ಮ ಊರು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ದೇಂಕಣಿಕೋಟೆ ತಾಲೂಕಿನಲ್ಲಿದೆ. ಕನ್ನಡ ಮೀಡಿಯಂ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಚಿಕ್ಕಂದಿನಲ್ಲಿ ಕುಡಿದದ್ದೆಲ್ಲ ಬೋರ್‌ವೆಲ್ ನೀರು. ಧರ್ಮಪುರಿ, ಕೃಷ್ಣಗಿರಿ ಎರಡೂ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಇಲ್ಲಿಯವರಿಗೆಲ್ಲ ಗೊತ್ತು. ಲೀಟರ್ ನೀರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿಗೆ ಎಂಟು ವರ್ಷ ಆಗುವುದರೊಳಗೆ, ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಹೊತ್ತಿನಲ್ಲಿ, ಅದಕ್ಕಿಂತ ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋಗುತ್ತಾ ಇದ್ದರೆ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹೊರಗೆ ಬರುವಾಗಲೇ ಸುಣ್ಣದಂಥ ಬಿಳಿ ಮಚ್ಚೆ ಇರುತ್ತದೆ, ಆಮೇಲೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. 2013ರಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಶುರುವಾಗಿ ಕಾವೇರಿ ನೀರು ಬಂತು. ಈಗಿನ ಮಕ್ಕಳ ಹಲ್ಲು ನೋಡಿದರೆ ಮನಸ್ಸಿಗೆ ಹಿತವಾಗುತ್ತದೆ. ನಮ್ಮ ಕಾಲದವರ ಹಲ್ಲು ಮಾತ್ರ ಹಾಗೇ ಉಳಿಯಿತು.

ಈ ಕಲೆ ಕೊಳೆಯಲ್ಲ. ಇದ್ದಿಲ ಪುಡಿ, ಇಟ್ಟಿಗೆ ಪುಡಿ, ಉಪ್ಪು, ನಿಂಬೆಹಣ್ಣು ಅಂತ ಊರಲ್ಲಿ ಎಲ್ಲರೂ ಒಂದೊಂದು ಹೇಳುತ್ತಾರೆ. ಕಲೆ ಎನಾಮಲ್ ಒಳಗೇ ಇರುವುದರಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಸುಮ್ನೆ ಹಲ್ಲು ಸವೆಯುತ್ತದೆ ಅಷ್ಟೇ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಸರಿಯಾಗಿ ಹಲ್ಲುಜ್ಜುವುದಿಲ್ಲ ಅಂತ ಬೈಸಿಕೊಂಡೇ ಬೆಳೆದವರು ಈ ಕಡೆ ಬಹಳ ಮಂದಿ ಇದ್ದಾರೆ. ಪಾಪ, ಅವರದ್ದೇನೂ ತಪ್ಪಿಲ್ಲ.

ಮೊದಲು ಹೋಗಿದ್ದು ಅತ್ತಿಬೆಲೆ ದಾಟಿ ಬೆಂಗಳೂರಿನ ಒಂದು ದೊಡ್ಡ ಕ್ಲಿನಿಕ್ಕಿಗೆ. ಎಸಿ, ಸೋಫಾ, ಗೋಡೆ ತುಂಬಾ ನಗುವ ಮುಖಗಳು. ಅಲ್ಲಿನವರು ಬಾಯಿ ತೆರೆಸಿ ಒಂದು ಸಲ ನೋಡಿದರು, "ಹತ್ತು ಹಲ್ಲಿಗೂ ಕ್ಯಾಪ್ ಹಾಕೋಣ, ಇವತ್ತೇ ಶುರು ಮಾಡಿದರೆ ಆಫರ್ ಇದೆ" ಅಂದರು. ಕ್ಯಾಪ್ ಅಂದರೆ ಹಲ್ಲನ್ನು ಸುತ್ತಲೂ ಅರೆದು ಗೂಟದ ಹಾಗೆ ಮಾಡಿ ಮೇಲೆ ಟೋಪಿ ಕೂರಿಸುವುದು. ಗಟ್ಟಿಯಾಗಿರುವ, ಬರೀ ಬಣ್ಣ ಕೆಟ್ಟಿರುವ ಹಲ್ಲಿಗೆ ಇಷ್ಟೆಲ್ಲ ಯಾಕೆ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರವೇ ಬರಲಿಲ್ಲ. ಎದ್ದು ಬಂದೆ. ಅರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅಂಥ ಕೆಲಸಕ್ಕೆ ಆಫರ್ ಇಟ್ಟು ಅವಸರ ಮಾಡುವುದು ನನಗೆ ಇವತ್ತಿಗೂ ತಪ್ಪು ಅಂತಲೇ ಅನಿಸುತ್ತದೆ.

ನಾನು ಮಾಡಿಸಿಕೊಂಡಿದ್ದು ಹೊಸೂರಿನಲ್ಲಿ, ಬಾಗಲೂರು ರಸ್ತೆ ಕಡೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ. ಡಾಕ್ಟರಮ್ಮ ತಮಿಳಿನವರು, ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ. ಮೊದಲ ದಿನ ಅವರು ಮಾಡಿದ್ದು ಪ್ರಶ್ನೆ ಕೇಳುವ ಕೆಲಸ ಮಾತ್ರ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ? ಉಗುರು ಕಚ್ಚುವ ಅಭ್ಯಾಸ ಇದೆಯಾ? ವಸಡಿನಿಂದ ರಕ್ತ ಬರುತ್ತಾ? ಆಮೇಲೆ ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಹೇಳಿದರು. ತಿಳಿ ಕಲೆಗೆ ಬ್ಲೀಚಿಂಗ್ ಸಾಕು. ಮೇಲುಪದರದ ಕಂದು ಕಲೆಗೆ ಮೈಕ್ರೋಅಬ್ರೇಷನ್, ಅಂದರೆ ಆಸಿಡ್ಡಿಗೆ ನುಣ್ಣನೆಯ ಪುಡಿ ಸೇರಿಸಿ ಎನಾಮಲ್ಲಿನ ತೀರಾ ತೆಳುವಾದ ಪದರವನ್ನು ಉಜ್ಜಿ ತೆಗೆಯುವುದು. ಬಿಳಿ ಮಚ್ಚೆಗೆ, ಎನಾಮಲ್ಲಿನ ಸಣ್ಣ ರಂಧ್ರಗಳಿಗೆ ರಾಳ ಇಳಿಸುವ ವಿಧಾನವೂ ಉಂಟು. ಕಾಂಪೊಸಿಟ್, ಅಂದರೆ ಹಲ್ಲಿನ ಬಣ್ಣದ ರಾಳದ ವೆನೀರ್ ಅಗ್ಗ, ಆದರೆ ಬೇಗ ಬಣ್ಣ ಹಿಡಿಯುತ್ತದೆ, ಹೊಳಪು ಹೋಗುತ್ತದೆ. ಇವೆಲ್ಲ ಆಗದಿದ್ದಾಗ ಪಿಂಗಾಣಿ. ನನ್ನ ಮುಂದಿನ ಹಲ್ಲುಗಳಲ್ಲಿ ಕಲೆಯ ಜೊತೆಗೆ ಸಣ್ಣ ಸಣ್ಣ ಕುಳಿಗಳೂ ಇದ್ದವು. ಆದ್ದರಿಂದ ಆರಕ್ಕೆ ವೆನೀರ್, ಅವುಗಳ ಅಕ್ಕಪಕ್ಕದ ಎರಡಕ್ಕೆ ಮೈಕ್ರೋಅಬ್ರೇಷನ್ ಅಂತ ತೀರ್ಮಾನವಾಯಿತು. "ಕೆಳಗಿನ ಸಾಲು ಬೇಡ ಟೀಚರ್, ಮಾತಾಡುವಾಗ ನಿಮ್ಮ ಕೆಳತುಟಿ ಅದನ್ನ ಮುಚ್ಚುತ್ತೆ" ಅಂದರು. ದುಡ್ಡು ಬರುವ ಕೆಲಸವನ್ನು ತಾವೇ ಬೇಡ ಅಂದವರ ಮೇಲೆ ನಂಬಿಕೆ ಹುಟ್ಟದೆ ಇರುತ್ತಾ?

ಈಗ ಮುಖ್ಯವಾದ ಭಾಗ. ಹಲ್ಲಿನ ಅಚ್ಚು ತೆಗೆದು, ಅದರ ಮೇಲೆ ಮೇಣದಲ್ಲಿ ಹೊಸ ಹಲ್ಲಿನ ಆಕಾರ ಮಾಡಿಸಿದರು. ಆ ಆಕಾರವನ್ನೇ ತಾತ್ಕಾಲಿಕ ಪ್ಲಾಸ್ಟಿಕ್ಕಿನಲ್ಲಿ ನನ್ನ ಹಲ್ಲಿನ ಮೇಲೆ ಕೂರಿಸಿ ತೋರಿಸಿದರು. ಇದಕ್ಕೆ ಮಾಕಪ್ ಅನ್ನುತ್ತಾರೆ. ಆಗಿನ್ನೂ ಹಲ್ಲನ್ನು ಒಂದು ಚೂರೂ ಅರೆದಿರಲಿಲ್ಲ. ಕನ್ನಡಿ ಕೊಟ್ಟು, "ಏನಾದರೂ ಗಟ್ಟಿಯಾಗಿ ಓದಿ" ಅಂದರು. ಬ್ಯಾಗಿನಲ್ಲಿ ಒಂದನೇ ಕ್ಲಾಸಿನ ಪುಸ್ತಕವಿತ್ತು. ಸರ, ಸೊಸೆ, ವನ, ಅವಲಕ್ಕಿ, ಫ್ಯಾನು ಅಂತ ಓದುತ್ತಾ ಹೋದೆ. "ಸ" ಅನ್ನುವಾಗ ಗಾಳಿ ಸ್ವಲ್ಪ ಪಕ್ಕಕ್ಕೆ ಸೋರಿದ ಹಾಗಾಯಿತು. ಅದು ನಾಲಿಗೆಗೆ ರೂಢಿಯಾದ ಮೇಲೆ ಸರಿಹೋಗುತ್ತದೆ ಅಂದರು. "ವ" ಅನ್ನುವಾಗ ಮಾತ್ರ ಮೇಲಿನ ಹಲ್ಲಿನ ಅಂಚು ಕೆಳತುಟಿಗೆ ಜೋರಾಗಿ ಒತ್ತುತ್ತಿತ್ತು. ಅದನ್ನು ಹೇಳಿದೆ. ನಡುವಿನ ಎರಡು ಹಲ್ಲುಗಳ ಮೇಲಿನ ಪ್ಲಾಸ್ಟಿಕ್ಕಿನ ಅಂಚನ್ನು ಕೂದಲೆಳೆಯಷ್ಟು ಉಜ್ಜಿ ಮತ್ತೆ ಓದಿಸಿದರು. ಮತ್ತೆ ಉಜ್ಜಿದರು, ಮತ್ತೆ ಓದಿಸಿದರು. "ವನ" ಸಲೀಸಾಗಿ ಬಂದ ಮೇಲೆ ಆ ಅಳತೆಯನ್ನೇ ಲ್ಯಾಬಿಗೆ ಕಳಿಸಿದರು. ದಿನವಿಡೀ ಮಕ್ಕಳಿಂದ ಅಕ್ಷರ ಹೇಳಿಸುವವಳಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಬೇರೆಯವರಿಗೆ ಹೇಗೆ ಹೇಳಲಿ! ಮಾಕಪ್ ಮಾಡುವುದಿಲ್ಲ ಅನ್ನುವ ಕಡೆ ವೆನೀರ್ ಹಾಕಿಸಬೇಡಿ.

ಬಣ್ಣ ಆರಿಸುವುದಕ್ಕೂ ಅಷ್ಟೇ ತಾಳ್ಮೆ ಬೇಕು. ವೀಟಾ ಕಂಪನಿಯ ಹದಿನಾರು ಛಾಯೆಗಳ ಪಟ್ಟಿಯನ್ನು ಚಂದ್ರಚೂಡೇಶ್ವರ ಬೆಟ್ಟ ಕಾಣುವ ಕಿಟಕಿಯ ಹತ್ತಿರ ನಿಲ್ಲಿಸಿ ಹಿಡಿದರು. ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿದರೆ ಬಣ್ಣ ತಪ್ಪುತ್ತದೆ. ಬಾಯಿ ತುಂಬಾ ಹೊತ್ತು ತೆರೆದಿದ್ದರೆ ಹಲ್ಲು ಒಣಗಿ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆದ್ದರಿಂದ ಈ ಕೆಲಸ ಶುರುವಿನಲ್ಲೇ ಆಗಬೇಕು. ಲಿಪ್‌ಸ್ಟಿಕ್ ಇದ್ದರೆ ಒರೆಸಬೇಕು. ನನಗೆ ಪೂರ್ತಿ ಹಾಲುಬಿಳುಪು ಬೇಕು ಅನ್ನೋ ಆಸೆಯಿತ್ತು. ಅವರು ಆ ಬಿಳುಪಿನ ತುಂಡನ್ನೂ, ಎ1 ಅನ್ನುವ ಛಾಯೆಯನ್ನೂ ಕೆಳಗಿನ ಹಲ್ಲಿನ ಪಕ್ಕ ಹಿಡಿದು ತೋರಿಸಿದರು. ಮೊದಲನೆಯದು ಅಂಟಿಸಿದ ಹಾಗೆ ಕಂಡಿತು. ಎ1 ನನ್ನದೇ ಹಲ್ಲಿನ ಹಾಗೆ ಕಂಡಿತು. ಇನ್ನೊಂದು ವಿಷಯ, ವೆನೀರ್ ತೆಳುವಾಗಿರುವುದರಿಂದ ಒಳಗಿನ ಕಂದು ಬಣ್ಣ ಹಣಕುವ ಸಂಭವವಿದೆ. ಅದಕ್ಕೆ ಪಿಂಗಾಣಿಯನ್ನು ಸ್ವಲ್ಪ ಕಡಿಮೆ ಪಾರದರ್ಶಕವಾಗಿ ಮಾಡಿಸಿದರು. ಬೋರ್ ನೀರಿನ ಕಲೆ ಇರುವವರು ಈ ಪ್ರಶ್ನೆಯನ್ನು ಕೇಳಲೇಬೇಕು. ಒಮ್ಮೆ ಅಂಟಿಸಿದ ಮೇಲೆ ಬ್ಲೀಚ್ ಮಾಡಿ ಬಣ್ಣ ಬದಲಾಯಿಸಲು ಬರುವುದಿಲ್ಲ.

ಅರೆಯುವ ದಿನ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಾಗಲಿಲ್ಲ, ಸದ್ದು ಮಾತ್ರ ತಲೆಯೊಳಗೇ ಕೊರೆದ ಹಾಗಿತ್ತು. ತೆಗೆದದ್ದು ಅರ್ಧ ಮಿಲಿಮೀಟರ್ ಸುಮಾರು, ವಸಡಿನ ಹತ್ತಿರ ಇನ್ನೂ ಕಡಿಮೆ. ಲ್ಯಾಬಿನಿಂದ ಬರುವ ತನಕ ತಾತ್ಕಾಲಿಕ ವೆನೀರ್ ಹಾಕಿದ್ದರು. ಆ ದಿನಗಳು ಕಷ್ಟ. ತಣ್ಣನೆ ಮಜ್ಜಿಗೆ ಕುಡಿದರೆ ಜುಂ ಅನ್ನುತ್ತಿತ್ತು. ಬೇಸಿಗೆ ರಜದಲ್ಲಿ ಮಾಡಿಸಿಕೊಂಡಿದ್ದಕ್ಕೆ ಪಾಠಕ್ಕೆ ತೊಂದರೆಯಾಗಲಿಲ್ಲ.

ಅಂಟಿಸುವ ದಿನ ಮೊದಲು ಪ್ರಯೋಗದ ಪೇಸ್ಟಿನಲ್ಲಿ ಕೂರಿಸಿ, ಬಣ್ಣ ಒಪ್ಪಿಗೆಯೇ ಅಂತ ಕೇಳಿ, ತೊಳೆದರು. ಆಮೇಲೆ ಹಲ್ಲಿಗೆ ಆಸಿಡ್ ಹಚ್ಚಿ ಮೇಲ್ಮೈಯನ್ನು ಒರಟು ಮಾಡಿದರು. ಫ್ಲೋರೈಡ್ ಜಾಸ್ತಿ ಇರುವ ಎನಾಮಲ್ ಆಸಿಡ್ಡಿಗೆ ಬೇಗ ಜಗ್ಗುವುದಿಲ್ಲವಂತೆ, ಅದಕ್ಕೆ ನನಗೆ ಸ್ವಲ್ಪ ಜಾಸ್ತಿ ಹೊತ್ತು ಇಟ್ಟರು. ಪಿಂಗಾಣಿಯ ಒಳಮೈಯನ್ನೂ ಬೇರೆ ಆಸಿಡ್ಡಿನಿಂದ ಹೀಗೇ ಒರಟು ಮಾಡಿರುತ್ತಾರೆ. ಅಂಟು ಹಚ್ಚಿ ಕೂರಿಸಿ ನೀಲಿ ಬೆಳಕು ಹಾಯಿಸಿದರೆ ಗಟ್ಟಿ. ಇದರ ಇತಿಹಾಸವೂ ಸ್ವಾರಸ್ಯವಾಗಿದೆ. 1928ರ ಹೊತ್ತಿಗೆ ಹಾಲಿವುಡ್ಡಿನ ಚಾರ್ಲ್ಸ್ ಪಿಂಕಸ್ ಅನ್ನುವ ದಂತವೈದ್ಯರು ನಟರಿಗಾಗಿ ತೆಳು ಹಲ್ಲು ಮಾಡಿ ಕೊಡುತ್ತಿದ್ದರು, ಶೂಟಿಂಗ್ ಮುಗಿದ ಮೇಲೆ ಅವನ್ನು ಕಳಚಿ ಇಡಬೇಕಿತ್ತು. 1955ರಲ್ಲಿ ಬ್ಯೂನೊಕೋರ್ ಅನ್ನುವವರು ಎನಾಮಲ್ಲಿಗೆ ಆಸಿಡ್ ಹಚ್ಚುವ ವಿಧಾನ ಕಂಡುಹಿಡಿದರು. ಎಂಬತ್ತರ ದಶಕದಲ್ಲಿ ಪಿಂಗಾಣಿಗೂ ಆಸಿಡ್ ಹಚ್ಚಿ ಅಂಟಿಸುವುದು ಬಂದ ಮೇಲೆ ಇದು ಬಾಯಲ್ಲಿ ನಿಲ್ಲುವ ಚಿಕಿತ್ಸೆಯಾಯಿತು.

ಖರ್ಚು: ಒಂದು ಹಲ್ಲಿಗೆ 11,000 ರೂಪಾಯಿ, ಆರಕ್ಕೆ 66,000. ಕ್ಲೀನಿಂಗ್, ಮೈಕ್ರೋಅಬ್ರೇಷನ್ ಬೇರೆ. ನನ್ನಂಥವಳಿಗೆ ಇದು ದೊಡ್ಡ ಮೊತ್ತವೇ, ಚೀಟಿ ದುಡ್ಡು ಬಂದಾಗ ಕಟ್ಟಿದೆ. ಅಂದಕ್ಕಾಗಿ ಮಾಡಿಸುವುದಕ್ಕೆ ವಿಮೆ ಸಿಗಲಿಲ್ಲ. ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬಾಳಿಕೆ ಬರುತ್ತದೆ, ಆಮೇಲೆ ಬದಲಾಯಿಸಬೇಕಾಗಬಹುದು. ಹಲ್ಲು ಅರೆದಾಗಿರುವುದರಿಂದ ಮುಂದೆ ಸದಾ ಏನಾದರೊಂದು ಹೊದಿಕೆ ಬೇಕೇ ಬೇಕು. ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಕ್ಲಿನಿಕ್ಕಿನ ಬಗ್ಗೆ ನನ್ನ ದೂರು ಎರಡು. ಅಪಾಯಿಂಟ್‌ಮೆಂಟ್ ಕೊಟ್ಟ ಹೊತ್ತಿಗೆ ಒಳಗೆ ಕರೆದದ್ದು ಕಡಿಮೆ, ಸಂಜೆಯಾದರಂತೂ ದೇಂಕಣಿಕೋಟೆ ಬಸ್ಸು ತಪ್ಪುವ ಭಯ. ಇನ್ನೊಂದು, ಒಂದು ವೆನೀರಿನ ಹಿಂದೆ ಅಂಟು ಸ್ವಲ್ಪ ಉಳಿದು ವಸಡು ಕೆಂಪಾಗಿತ್ತು. ಹೇಳಿದ ಕೂಡಲೇ ದುಡ್ಡು ಕೇಳದೆ ತೆಗೆದುಕೊಟ್ಟರು.

ಊಟಕ್ಕೆ ಅಡ್ಡಿಯಿಲ್ಲ. ಮುದ್ದೆ, ಅನ್ನ, ಹುಳಿ ಎಲ್ಲ ಮೊದಲಿನಂತೆಯೇ. ಕಬ್ಬು ಸಿಗಿಯುವುದನ್ನು ಬಿಟ್ಟಿದ್ದೇನೆ. ನಿಪ್ಪಟ್ಟನ್ನು ಮುರಿದು ದವಡೆ ಹಲ್ಲಿಗೆ ಕೊಡುತ್ತೇನೆ. ಗಿಣಿಮೂತಿ ಮಾವಿನಕಾಯನ್ನು ಹೋಳು ಮಾಡಿಯೇ ತಿನ್ನುವುದು. ಹೂ ಕಟ್ಟುವಾಗ ದಾರವನ್ನು ಹಲ್ಲಿನಲ್ಲಿ ಕಡಿಯುವುದು ನಮ್ಮ ಮನೆ ಹೆಂಗಸರ ಕೈಗೆ ಬಂದ ಅಭ್ಯಾಸ. ಅದು ಖಂಡಿತ ಕೂಡದು, ಅಂಚು ಚಕ್ಕೆ ಏಳುತ್ತದೆ. ಹೂವಿನ ಬುಟ್ಟಿಯಲ್ಲಿ ಈಗ ಒಂದು ಸಣ್ಣ ಕತ್ತರಿ ಇಟ್ಟಿದ್ದೇನೆ. ಮೆತ್ತನೆ ಬ್ರಷ್, ಒರಟಲ್ಲದ ಪೇಸ್ಟ್, ದಿನಾ ರಾತ್ರಿ ಹಲ್ಲುಗಳ ಸಂದಿಗೆ ದಾರ. ಪಿಂಗಾಣಿ ಕಾಫಿಗೆ ಬಣ್ಣ ಹಿಡಿಯುವುದಿಲ್ಲ, ಆದರೆ ವಸಡಿನ ಹತ್ತಿರದ ಅಂಟಿನ ಗೆರೆ ಹಿಡಿಯಬಹುದು.

ಶಾಲೆ ತೆರೆದ ದಿನ ಒಬ್ಬ ಹುಡುಗ ಹತ್ತಿರ ಬಂದು, "ಮಿಸ್, ನಿಮ್ಮ ಹಲ್ಲು ಬಿದ್ದು ಹೊಸದು ಬಂತಾ? ನಂದೂ ಬಿತ್ತು" ಅಂತ ತನ್ನ ಬಾಯಿ ತೆರೆದು ತೋರಿಸಿದ. ಇಬ್ಬರೂ ಬಾಯಿ ತುಂಬಾ ನಕ್ಕೆವು. ಮೊದಲಾಗಿದ್ದರೆ ನಾನು ಸೆರಗು ಅಡ್ಡ ಹಿಡಿದು ನಗುತ್ತಿದ್ದೆ.

ನನ್ನದು ನೋಡಿ ಅಕ್ಕನ ಮಗಳು ತನಗೂ ವೆನೀರ್ ಬೇಕು ಅಂತ ಹಟ ಹಿಡಿದಳು. ಅವಳಿಗಿನ್ನೂ ಹದಿನಾರು. ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ವಸಡು ಪೂರ್ತಿ ನಿಲ್ಲದ ವಯಸ್ಸಿನಲ್ಲಿ ಬೇಡ, ಇವಳ ಕಲೆ ಮೇಲುಪದರದಲ್ಲೇ ಇದೆ ಅಂತ ಹೇಳಿ ಮೈಕ್ರೋಅಬ್ರೇಷನ್ ಮಾತ್ರ ಮಾಡಿದರು. ಕಂದು ಬಣ್ಣ ಮುಕ್ಕಾಲು ಪಾಲು ಹೋಗಿದೆ. ಖರ್ಚು ನನ್ನ ಒಂದು ವೆನೀರಿನ ಬೆಲೆಯಷ್ಟೂ ಆಗಲಿಲ್ಲ, ಅವಳ ಎನಾಮಲ್ಲೂ ಉಳಿಯಿತು. ಕುಳಿ ಇಲ್ಲದೆ ಬರೀ ಕಲೆ ಇರುವವರು ಮೊದಲು ಇದನ್ನೇ ಕೇಳಿ ಮಾಡಿಸಿಕೊಳ್ಳಿ.