ಕಂಪ್ಯೂಟರ್ ನಿಧಾನವಾದರೆ ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ ಕ್ಯಾಶ್ ಫೋಲ್ಡರ್ ನೋಡಿ

ಮದುವೆ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್ ಮಾಡುವವರೂ ಮನೆಯಿಂದಲೇ ಯೂಟ್ಯೂಬ್ ಚಾನೆಲ್ ನಡೆಸುವವರೂ ಇದನ್ನು ದಯವಿಟ್ಟು ಪೂರ್ತಿ ಓದಬೇಕೆಂದು ಕೋರುತ್ತೇನೆ. ಕಂಪ್ಯೂಟರ್ ನಿಧಾನವಾಯಿತೆಂದು ರಿಪೇರಿ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಮೊದಲು ಬರುವ ಮಾತು ‘ರ‍್ಯಾಮ್ ಸಾಲದು’, ಅದರ ಹಿಂದೆಯೇ ಬರುವ ಮಾತು ‘ಫಾರ್ಮ್ಯಾಟ್ ಮಾಡಿಬಿಡೋಣ ಸರ್’. ನಮ್ಮ ಸ್ಟುಡಿಯೊದ ಕಂಪ್ಯೂಟರ್‌ಗೆ ಎರಡೂ ಚಿಕಿತ್ಸೆಗಳು ನಡೆದವು. ಕಾಯಿಲೆ ಇದ್ದದ್ದು ಬೇರೆ ಕಡೆ, ಎಡಿಟಿಂಗ್ ತಂತ್ರಾಂಶ ತನ್ನ ಕೆಲಸ ಬೇಗ ಸಾಗಲೆಂದು ತಾನೇ ಮಾಡಿಕೊಂಡ ಪ್ರತಿಗಳನ್ನು ಕೂಡಿಡುವ ಕ್ಯಾಶ್ ಫೋಲ್ಡರ್‌ನಲ್ಲಿ.

ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇರುವ ಸಿ ಡ್ರೈವ್ 256 ಜಿಬಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್. ಶೂಟಿಂಗ್‌ನ ಮೂಲ ವಿಡಿಯೊಗಳೆಲ್ಲ ಬೇರೊಂದು ದೊಡ್ಡ ಹಾರ್ಡ್‌ಡಿಸ್ಕ್‌ನಲ್ಲಿದ್ದವು. ಲಗ್ನದ ಸೀಸನ್ ಮುಗಿಯುತ್ತ ಬಂದಂತೆ, ಟೈಮ್‌ಲೈನ್‌ನಲ್ಲಿ ಧಾರೆಯ ದೃಶ್ಯ ಓಡಿಸಿದರೆ ಚಿತ್ರ ನಿಂತು, ಓಲಗದ ಸದ್ದು ಮಾತ್ರ ಮುಂದೆ ಹೋಗತೊಡಗಿತು. ಬರಬರುತ್ತ ಬ್ರೌಸರ್ ತೆರೆಯುವುದಕ್ಕೂ ಕಾಯಬೇಕಾಯಿತು. ಅಂಗಡಿಯವರು ಹೊಸ ರ‍್ಯಾಮ್ ಹಾಕಿದರು, ವ್ಯತ್ಯಾಸ ಕಾಣಲಿಲ್ಲ. ಬಳಿಕ ವೈರಸ್ ಇರಬೇಕೆಂದು ಹೇಳಿ, ವಿಡಿಯೊಗಳು ಬೇರೆ ಡಿಸ್ಕ್‌ನಲ್ಲಿ ಇರುವುದರಿಂದ ಸಿ ಡ್ರೈವ್ ಅಳಿಸಿದರೆ ನಷ್ಟವೇನೂ ಇಲ್ಲವೆಂದು ತಾವೇ ತೀರ್ಮಾನಿಸಿ, ನಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಿಬಿಟ್ಟರು.

ಡೆಸ್ಕ್‌ಟಾಪ್ ಹಾಗೂ ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಇರುವುದು ಸಿ ಡ್ರೈವ್‌ನಲ್ಲೇ. ಗ್ರಾಹಕರಿಗೆ ಇನ್ನೂ ಕೊಡಬೇಕಿದ್ದ ಮದುವೆಗಳ ಪ್ರಾಜೆಕ್ಟ್ ಫೈಲ್‌ಗಳೂ, ವರ್ಷಗಳಿಂದ ಕೂಡಿಸಿಟ್ಟಿದ್ದ ಕನ್ನಡ ಟೈಟಲ್‌ಗಳ ಮಾದರಿಗಳೂ ಅಲ್ಲಿದ್ದವು. ಮೂಲ ದೃಶ್ಯಗಳು ಉಳಿದರೂ, ಯಾವ ದೃಶ್ಯವನ್ನು ಎಲ್ಲಿ ಕತ್ತರಿಸಿ ಎಲ್ಲಿಗೆ ಜೋಡಿಸಲಾಗಿತ್ತು ಎಂಬ ಲೆಕ್ಕವೆಲ್ಲ ಪ್ರಾಜೆಕ್ಟ್ ಫೈಲ್‌ನಲ್ಲಿ ಇರುವುದರಿಂದ, ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ರಿಕವರಿ ತಂತ್ರಾಂಶದಿಂದ ಒಂದಷ್ಟು ಮರಳಿ ಸಿಗುವ ಸಾಧ್ಯತೆ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ, ಅಳಿಸಿದ ಜಾಗಗಳ ಪಟ್ಟಿಯನ್ನು ವಿಂಡೋಸ್ ‘ಟ್ರಿಮ್’ ಎಂಬ ಆದೇಶದ ಮೂಲಕ ಡ್ರೈವ್‌ಗೆ ತಿಳಿಸುತ್ತದೆ, ಡ್ರೈವ್ ಅವನ್ನು ನಿಜವಾಗಿಯೇ ಖಾಲಿ ಮಾಡಿಬಿಡುತ್ತದೆ.

ಫಾರ್ಮ್ಯಾಟ್ ಆದ ಮೇಲೆ ಕಂಪ್ಯೂಟರ್ ಚುರುಕಾಯಿತು ಎಂಬುದೂ ಸತ್ಯ. ಮುಂದಿನ ಸೀಸನ್‌ಗೆ ಮತ್ತೆ ಅದೇ ಪಾಡು ಬಂದಾಗ, ವೈರಸ್ಸಿನ ಮಾತು ಸುಳ್ಳೆಂದು ಖಾತ್ರಿಯಾಯಿತು. ಆ ಸಿ ಡ್ರೈವ್ ಬಹುತೇಕ ತುಂಬಿ ಕೆಂಪು ಪಟ್ಟಿಗೆ ಬಂದು ನಿಂತಿತ್ತು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆಯ್ಕೆ ಮಾಡಿದಾಗ, ಯೂಸರ್ ಫೋಲ್ಡರ್‌ನೊಳಗೆ ಅಡಗಿರುವ ಆ್ಯಪ್‌ಡೇಟಾ ಕಾಣಿಸಿತು. ಅದರೊಳಗೆ ಎಡಿಟಿಂಗ್ ತಂತ್ರಾಂಶದ ಮೀಡಿಯಾ ಕ್ಯಾಶ್ ಎಂಬ ಒಂದೇ ಫೋಲ್ಡರ್ ಅರ್ಧಕ್ಕಿಂತ ಹೆಚ್ಚು ಡ್ರೈವ್ ನುಂಗಿತ್ತು. ಎಂದೋ ಡೆಲಿವರಿ ಆಗಿ ಮುಗಿದ ಮದುವೆಗಳ ಫೈಲ್‌ಗಳೂ ಅಲ್ಲೇ ಕುಳಿತಿದ್ದವು.

ಅಷ್ಟು ಬೆಳೆಯುವುದು ಹೇಗೆ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಕ್ಯಾಮೆರಾದಿಂದ ಬರುವ ವಿಡಿಯೊದಲ್ಲಿ ಧ್ವನಿ ಬಹಳ ಕುಗ್ಗಿದ ರೂಪದಲ್ಲಿ ಇರುತ್ತದೆ. ಟೈಮ್‌ಲೈನ್ ತಡೆಯಿಲ್ಲದೆ ಓಡಲೆಂದು ತಂತ್ರಾಂಶ ಅದನ್ನು ಬಿಡಿಸಿ, ದೊಡ್ಡ ಪ್ರತಿಯೊಂದನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. 48 ಕಿಲೊಹರ್ಟ್ಸ್, 32 ಬಿಟ್‌ನ ಸ್ಟೀರಿಯೊ ಧ್ವನಿ ಗಂಟೆಗೆ ಸುಮಾರು 1.4 ಜಿಬಿ ಆಗುತ್ತದೆ. ಮೂರು ಕ್ಯಾಮೆರಾ ತಲಾ ಆರು ಗಂಟೆ ಓಡಿದ ಮದುವೆಯೊಂದಕ್ಕೆ ಧ್ವನಿಯ ಕ್ಯಾಶ್ ಒಂದೇ 25 ಜಿಬಿ. ಪ್ರಾಜೆಕ್ಟ್ ಅಳಿಸಿದರೂ, ಮೂಲ ವಿಡಿಯೊಗಳನ್ನು ಬೇರೆಡೆಗೆ ಸಾಗಿಸಿದರೂ ಇದು ತಾನಾಗಿ ಹೋಗುವುದಿಲ್ಲ. ಇತ್ತ ಸಿ ಡ್ರೈವ್ ತುಂಬಿದಾಗ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ: ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಬೆಳೆಯಲು ಜಾಗ ಉಳಿಯುವುದಿಲ್ಲ, ಜೊತೆಗೆ ಎಸ್‌ಎಸ್‌ಡಿ ಖಾಲಿ ಬ್ಲಾಕ್‌ಗಳ ಕೊರತೆಯಿಂದ, ಹೊಸದನ್ನು ಬರೆಯುವ ಮೊದಲು ಹಳೆಯದನ್ನು ಸರಿಸಿ ಅಳಿಸಿಕೊಳ್ಳಬೇಕಾಗಿ ತಾನೇ ನಿಧಾನವಾಗುತ್ತದೆ. ‘ರ‍್ಯಾಮ್ ಸಾಲದು’ ಎಂಬ ತಪ್ಪು ರೋಗನಿರ್ಣಯ ಹುಟ್ಟುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ಕ್ಯಾಶ್ ಅಳಿಸಲು ತಂತ್ರಾಂಶದ ಪ್ರಿಫರೆನ್ಸಸ್‌ನಲ್ಲೇ ಸಾಮಾನ್ಯವಾಗಿ ಒಂದು ಗುಂಡಿ ಇರುತ್ತದೆ. ತೆರೆದಿರುವ ಪ್ರಾಜೆಕ್ಟ್‌ಗಳನ್ನು ಮುಚ್ಚಿ ಅದನ್ನೇ ಬಳಸಿ. ಮೂಲ ವಿಡಿಯೊಗಳು ಇರುವವರೆಗೆ ಕ್ಯಾಶ್ ಮತ್ತೆ ಹುಟ್ಟುತ್ತದೆ, ಹಳೆಯ ಪ್ರಾಜೆಕ್ಟ್ ಮೊದಲ ಸಲ ತೆರೆಯುವಾಗ ತುಸು ತಡವಾಗುತ್ತದೆ, ಅಷ್ಟೇ. ಪಕ್ಕದಲ್ಲೇ ಇರಬಹುದಾದ, ಪ್ರಾಜೆಕ್ಟ್ ಫೈಲ್‌ಗಳ ಪ್ರತಿಗಳಿರುವ ಆಟೊ ಸೇವ್ ಫೋಲ್ಡರ್ ಮಾತ್ರ ಮುಟ್ಟಬಾರದು. ನಾವು ಕ್ಯಾಶ್‌ನ ಜಾಗವನ್ನು ಬೇರೆ ಡ್ರೈವ್‌ಗೆ ಬದಲಿಸಿ, ಹಳೆಯವು ತಾವಾಗಿ ಅಳಿಯುವಂತೆ ಮಿತಿಯನ್ನೂ ಇಟ್ಟಿದ್ದೇವೆ.

ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುವ, ‘ಒಂದೇ ಕ್ಲಿಕ್‌ನಲ್ಲಿ ವೇಗ’ ಎನ್ನುವ ಕ್ಲೀನರ್‌ಗಳಿಂದಲೂ ದೂರವಿರಿ. ಅವುಗಳಲ್ಲೊಂದು ಬಗೆಯಾದ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಗೆ ಕೈ ಹಾಕುವ ರಿಜಿಸ್ಟ್ರಿ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಟೆಂಪೊರರಿ ಫೈಲ್ಸ್ ಪಟ್ಟಿ ಸುರಕ್ಷಿತವೇ, ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರ್ ಕೂಡ ಇರುತ್ತದೆ. ಕಣ್ಣುಮುಚ್ಚಿ ಎಲ್ಲಕ್ಕೂ ಟಿಕ್ ಹಾಕಿದರೆ ಗ್ರಾಹಕರು ಕಳಿಸಿದ ಫೋಟೊಗಳೂ ಹೋದಾವು.

ಅಂಗಡಿಗೆ ಕೊಡಲೇಬೇಕಾಗಿ ಬಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಹೊರಗಿನ ಡಿಸ್ಕ್‌ಗೆ ನೀವೇ ಕಾಪಿ ಮಾಡಿಕೊಂಡು, ಆ ಡಿಸ್ಕ್ ಮನೆಯಲ್ಲಿಟ್ಟು ಹೋಗಿ. ‘ಮಾಲೀಕರನ್ನು ಕೇಳದೆ ಫಾರ್ಮ್ಯಾಟ್ ಮಾಡುವಂತಿಲ್ಲ’ ಎಂದು ಅವರ ರಸೀದಿಯ ಮೇಲೆಯೇ ಬರೆಸಿ, ಸಹಿ ಹಾಕಿಸಿಕೊಳ್ಳಿ.