ಮುದ್ದೆ ಬಿಡುವ ಮೊದಲು ಮಾತ್ರೆ ಸ್ಟ್ರಿಪ್ ತಿರುಗಿಸಿ ಓದಿ

ಶುಗರ್ ಇರುವ, ಅರವತ್ತು ದಾಟಿದವರೊಬ್ಬರು ಸೋಮವಾರದಿಂದ ಅನ್ನ, ಮುದ್ದೆ, ಚಪಾತಿ ಮೂರನ್ನೂ ಬಿಟ್ಟರು. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಸೊಪ್ಪಿನ ಪಲ್ಯ, ಪನೀರ್, ರಾತ್ರಿ ಸೌತೆಕಾಯಿ, ಮಜ್ಜಿಗೆ. ಮಾತ್ರೆ ಮಾತ್ರ ಎಂದಿನಂತೆ ಎರಡು ಹೊತ್ತು. ಬುಧವಾರ ಬೆಳಗಿನ ಜಾವ ಬನಿಯನ್ ಒದ್ದೆಯಾಗುವಷ್ಟು ಬೆವರು, ತೊದಲು ಮಾತು, ಮಗನ ಗುರುತೂ ಹತ್ತದ ಮಂಕು. ಮನೆಯವರು ಲಕ್ವ ಅಂದುಕೊಂಡರು. ಗ್ಲೂಕೋಮೀಟರ್ ತೋರಿಸಿದ್ದು 41.

70ಕ್ಕಿಂತ ಕೆಳಗಿಳಿದರೆ ಲೋ ಶುಗರ್, 54ಕ್ಕಿಂತ ಕೆಳಗೆ ಹೋದರೆ ಅಪಾಯ. ಎರಡು ಚಮಚ ಸಕ್ಕರೆ ಕದಡಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ನೋಡಿದರೆ 46. ಸಕ್ಕರೆ ಕೆಲಸವನ್ನೇ ಮಾಡಿರಲಿಲ್ಲ.

ಎರಡಕ್ಕೂ ಕಾರಣ ಒಂದೇ ಸ್ಟ್ರಿಪ್‌ನಲ್ಲಿತ್ತು: ಗ್ಲಿಮಿಪಿರೈಡ್ 2 ಮಿ.ಗ್ರಾಂ, ಮೆಟ್‌ಫಾರ್ಮಿನ್, ವೋಗ್ಲಿಬೋಸ್. ಹೆಸರಿನ ಬಾಲದಲ್ಲಿ ‘ಎಂವಿ’ ಅಂಟಿಕೊಂಡ ಮಾತ್ರೆಗಳು ಹೆಚ್ಚಾಗಿ ಇವೇ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆ ಮೇದೋಜೀರಕದಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತದೆ. ಹೊಟ್ಟೆಯಲ್ಲಿರುವುದು ಮುದ್ದೆಯೋ ಸೌತೆಕಾಯಿಯೋ ಅದಕ್ಕೆ ಗೊತ್ತಾಗುವುದಿಲ್ಲ. ದೊಡ್ಡದೊಂದು ಮುದ್ದೆಗೆ 100 ಗ್ರಾಂ ರಾಗಿಹಿಟ್ಟು ಹಿಡಿದರೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. ಆ ಮುದ್ದೆಗೆಂದು ಬರೆದುಕೊಟ್ಟ ಡೋಸ್ ಖಾಲಿ ತಟ್ಟೆಯ ಮೇಲೆ ಬಿತ್ತು.

ವೋಗ್ಲಿಬೋಸ್ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಹಾಗಾಗಿ ಇದನ್ನು ನುಂಗುವವರಿಗೆ ಅಡುಗೆಮನೆಯ ಸಕ್ಕರೆ, ಬೆಲ್ಲ ನಂಬಬೇಡಿ. ಒಡೆಯುವ ಅಗತ್ಯವೇ ಇಲ್ಲದ ಗ್ಲೂಕೋಸ್ ಪುಡಿ ಬೇಕು. 15 ಗ್ರಾಂ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ತಡಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಮೀಟರ್ 110 ತೋರಿಸಿತೆಂದು ನಿಶ್ಚಿಂತರಾಗಲೂ ಬೇಡಿ. ಗ್ಲಿಮಿಪಿರೈಡ್‌ನ ಪ್ರಭಾವ 24 ಗಂಟೆಯವರೆಗೂ ಇರಬಹುದು, ಏರಿದ್ದು ಮತ್ತೆ ಇಳಿಯಬಹುದು. ಇಷ್ಟು ಕೆಳಗೆ ಹೋದ ವಯಸ್ಸಾದವರನ್ನು ಆಸ್ಪತ್ರೆಯಲ್ಲೇ ಇಟ್ಟು ನೋಡುವುದು ಅದಕ್ಕೇ.

ಇನ್ನೊಂದು ಬಲೆ ಇದಕ್ಕಿಂತ ಮೋಸದ್ದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆಗಳು. 2020ರಲ್ಲಿ ಡಾಪಾದ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಇವು ನಮ್ಮಲ್ಲಿ ಮನೆಮನೆಯ ಮಾತ್ರೆ. ಇವನ್ನು ನುಂಗುತ್ತಾ ಅನ್ನ ಮುದ್ದೆ ಪೂರ್ತಿ ಬಿಟ್ಟರೆ ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಏರಿ ರಕ್ತ ಆಮ್ಲೀಯವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಈ ಔಷಧಗಳ ಬಗ್ಗೆ ಎಚ್ಚರಿಸಿತ್ತು. ಮೋಸವೇನೆಂದರೆ ಮೀಟರ್ 160, 180 ಅಂತ ಸಾಧುವಾಗಿಯೇ ಇರಬಹುದು. ವಾಕರಿಕೆ, ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರು ಹೇಳಿ, ರಕ್ತದ ಕೀಟೋನ್ ನೋಡಲು ಕೇಳಿ. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿಗೆ ಅದು ಕೆಲವೊಮ್ಮೆ ಸಿಕ್ಕುವುದಿಲ್ಲ.

30/70 ಇನ್ಸುಲಿನ್ (ಬೇಗ ಕೆಲಸ ಮಾಡುವುದು, ನಿಧಾನದ್ದು ಎರಡೂ ಬೆರೆತದ್ದು) ಎರಡು ಹೊತ್ತು ಚುಚ್ಚಿಕೊಳ್ಳುವವರಿಗೆ ರಾತ್ರಿ ಊಟ ಕಡಿಮೆಯಾದರೆ ನಡುರಾತ್ರಿ 2-3 ಗಂಟೆಗೆ ಶುಗರ್ ಇಳಿಯಬಹುದು. ಟೈಪ್ 1 ಇರುವವರು, ಅಂದರೆ ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದವರು, ಪಥ್ಯದ ಹೆಸರಲ್ಲಿ ಇನ್ಸುಲಿನ್ ಪೂರ್ತಿ ನಿಲ್ಲಿಸುವ ಮಾತೇ ಇಲ್ಲ. ಬರೀ ಮೆಟ್‌ಫಾರ್ಮಿನ್ ಇದ್ದವರಿಗೆ ಲೋ ಶುಗರ್ ಭಯ ಬಹಳ ಕಡಿಮೆ. ಬಿಪಿ ಮಾತ್ರೆಯನ್ನೂ ಮರೆಯಬೇಡಿ: ಕಾರ್ಬ್ ಇಳಿದ ಮೊದಲ ವಾರ ಉಪ್ಪು, ನೀರು ಮೂತ್ರದಲ್ಲಿ ಹೋಗಿ, ಎದ್ದು ನಿಂತರೆ ತಲೆಸುತ್ತು ಬರಬಹುದು. ಮೆಟೊಪ್ರೊಲಾಲ್‌ನಂಥ, ಎದೆಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಲೋ ಶುಗರ್‌ನ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು, ಬೆವರೇ ಮುಖ್ಯ ಸುಳಿವು.

ಪಥ್ಯವನ್ನೇ ದೂರುವುದು ತಪ್ಪು. ಊಟದ ನಂತರದ ಶುಗರ್ ಇಳಿಸಲು ಕಾರ್ಬ್ ಕಡಿತದಷ್ಟು ನೇರವಾದ ದಾರಿ ಕಡಿಮೆ. (ಅನ್ನ ಬಿಟ್ಟು ತಟ್ಟೆ ತುಂಬ ನವಣೆ ಬಡಿಸಿಕೊಂಡರೆ ಅದು ಲೋ ಕಾರ್ಬ್ ಅಲ್ಲ, 100 ಗ್ರಾಂ ನವಣೆಯಲ್ಲೂ ಕಾರ್ಬ್ 60 ಗ್ರಾಂ ಮೇಲೇ ಇದೆ.) ಶುರುಮಾಡುವ ಮೊದಲು ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಸುರಿಯಿರಿ. ‘ಡಯಟ್ ಮಾಡ್ತೀನಿ’ ಅಂದರೆ ಸಾಲದು. ‘ದಿನಕ್ಕೆ ಎರಡು ಮುದ್ದೆ, ಒಂದು ಕಪ್ ಅನ್ನ ಬಿಡ್ತಿದೀನಿ, ಯಾವ ಮಾತ್ರೆ ಎಷ್ಟು ಇಳಿಸಬೇಕು’ ಅಂತ ಕೇಳಿ. ಒಂದೇ ದಿನ ಎಲ್ಲ ಬಿಡದೆ ಮೊದಲ ವಾರ ರಾತ್ರಿಯ ಮುದ್ದೆ ಅರ್ಧ ಮಾಡಿ. ಮೊದಲ ಎರಡು ವಾರ ಬೆಳಿಗ್ಗೆ ಖಾಲಿ ಹೊಟ್ಟೆ, ಪ್ರತಿ ಊಟಕ್ಕೆ ಮುಂಚೆ, ಮಲಗುವಾಗ, ಒಂದೆರಡು ದಿನ ರಾತ್ರಿ 3ಕ್ಕೂ ಶುಗರ್ ನೋಡಿ ಬರೆದಿಡಿ. ಚುಚ್ಚುವ ಮೊದಲು ಕೈ ತೊಳೆಯಿರಿ: ಮಾವಿನಹಣ್ಣು ಮುಟ್ಟಿದ ಬೆರಳು 60 ಇರುವುದನ್ನೂ 150 ಅಂತ ತೋರಿಸೀತು.